ಝೆನ್ ಹೈಪರ್‌ವೈಸರಿನಲ್ಲಿ ನೆಟ್‌ವರ್ಕ್ ಡ್ರೈವರಿನ ಸ್ಥಾನಾಂತರ

ಒಂದೇ ಕಂಪ್ಯೂಟರನ್ನು ಹಲವು ಕಂಪ್ಯೂಟರುಗಳೆಂಬಂತೆ ಹಂಚಿಕೊಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಅತಿಥಿ ವ್ಯವಸ್ಥೆಗಳು ಹತ್ತಿದ್ದು ನೆಟ್‌ವರ್ಕ್ ಕಾರ್ಡು ಒಂದೇ ಇದ್ದರೆ, ಅದನ್ನು ನಡೆಸುವ ಡ್ರೈವರು ಎಲ್ಲಿರತಕ್ಕದ್ದು? ಈ ಪ್ರಶ್ನೆಗೆ ಝೆನ್ ಎಂಬ ಹೈಪರ್‌ವೈಸರಿನ ಚರಿತ್ರೆಯಲ್ಲಿ ದೊರೆತ ಉತ್ತರವನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಝೆನ್ ರೂಪುಗೊಂಡದ್ದು ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ. ಇಯಾನ್ ಪ್ರಾಟ್, ಕೀರ್ ಫ್ರೇಸರ್ ಮೊದಲಾದವರು 2003ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಅದು ವಿದ್ವಾಂಸರ ಗಮನಕ್ಕೆ ಬಂದಿತು. ಆಗ ಡ್ರೈವರು ಹೈಪರ್‌ವೈಸರಿನ ಒಳಗೇ ಇದ್ದಿತು. ಇದರಿಂದ ಎರಡು ತೊಡಕುಗಳುಂಟಾದುವು. ಹೊಸ ಬಗೆಯ ಕಾರ್ಡು ಬಂದಾಗಲೆಲ್ಲ ಅದರ ಡ್ರೈವರನ್ನು ಹೈಪರ್‌ವೈಸರಿಗೆ ಹೊಂದಿಸಬೇಕಾಗುತ್ತಿದ್ದಿತು. ಡ್ರೈವರಿನ ಒಂದು ದೋಷದಿಂದ ಇಡೀ ಯಂತ್ರವೇ ಕೆಡುವ ಭಯವೂ ಇದ್ದಿತು.

2004ರ ಎರಡನೆಯ ಆವೃತ್ತಿಯಲ್ಲಿ ಡ್ರೈವರು ಹೊರಬಂದು, 'ಡೊಮೈನ್ ಸೊನ್ನೆ' ಎಂಬ ವಿಶೇಷಾಧಿಕಾರವುಳ್ಳ ಆತಿಥೇಯ ವ್ಯವಸ್ಥೆಯನ್ನು ಸೇರಿತು. ಅಲ್ಲಿ ಸಾಮಾನ್ಯವಾಗಿ ಲಿನಕ್ಸ್ ಇರುತ್ತಿದ್ದುದರಿಂದ ಅದರ ಸಿದ್ಧ ಡ್ರೈವರುಗಳೆಲ್ಲ ಉಪಯೋಗಕ್ಕೊದಗಿದುವು. ಅತಿಥಿಗಳಿಗಾಗಿ ಎರಡು ತುಂಡಿನ ಕಲ್ಪಿತ ಡ್ರೈವರನ್ನು ರಚಿಸಲಾಯಿತು: ಅತಿಥಿಯಲ್ಲಿ ನೆಟ್‌ಫ್ರಂಟ್, ಆತಿಥೇಯದಲ್ಲಿ ನೆಟ್‌ಬ್ಯಾಕ್. ಎರಡಕ್ಕೂ ಸಾಮಾನ್ಯವಾದ ಮೆಮೊರಿಯ ಪುಟವೊಂದರಲ್ಲಿ ಬಳೆಯಾಕಾರದ ಸರದಿಯುಂಟು. ಕೋರಿಕೆ ಉತ್ತರಗಳು ಅದರಲ್ಲಿ ಸುತ್ತುತ್ತವೆ.

ಈ ಸುರಕ್ಷತೆಗೆ ವೇಗದ ರೂಪದಲ್ಲಿ ಬೆಲೆ ತೆರಬೇಕಾಯಿತು. ಪ್ರತಿಯೊಂದು ಪ್ಯಾಕೆಟ್ಟೂ ಆತಿಥೇಯವನ್ನು ಹಾದೇ ಹೋಗಬೇಕು. ನಕಲು ಮಾಡುವ ಶ್ರಮವನ್ನು ಉಳಿಸಲೆಂದು, ಬಂದ ಪ್ಯಾಕೆಟ್ಟಿರುವ ಪುಟವನ್ನೇ ಅತಿಥಿಗೆ ಕೊಟ್ಟು ಅದರಿಂದ ಖಾಲಿ ಪುಟವೊಂದನ್ನು ಪಡೆಯುವ ಕ್ರಮವಿದ್ದಿತು. 2006ರಲ್ಲಿ ಮೆನನ್, ಕಾಕ್ಸ್ ಮತ್ತು ಜ್ವೇನೆಪೂಲ್ ಎಂಬ ಸಂಶೋಧಕರು, ಪುಟದ ಒಡೆತನ ಬದಲಿಸುವುದಕ್ಕಿಂತ ನಕಲು ಮಾಡುವುದೇ ಅಗ್ಗವೆಂದು ತೋರಿಸಿದರು. ಇದೂ ಇತರ ಸುಧಾರಣೆಗಳೂ ಸೇರಿ ಅತಿಥಿಯ ಸ್ವೀಕಾರವೇಗ ಶೇ. 18ರಷ್ಟು ಏರಿತು, ಆದಾಗ್ಯೂ ಸ್ವತಂತ್ರ ಲಿನಕ್ಸಿಗಿಂತ ಅದು ಶೇ. 61ರಷ್ಟು ಹಿಂದೆಯೇ ಉಳಿಯಿತು.

ನೆಟ್‌ಬ್ಯಾಕ್ 2011ರಲ್ಲಿ ಲಿನಕ್ಸಿನ 2.6.39ನೆಯ ಆವೃತ್ತಿಯನ್ನು ಸೇರಿತು. 2013ರಲ್ಲಿ ಅದರ ನ್ಯೂನತೆಯೊಂದು ಪ್ರಕಟವಾಯಿತು. ದುರುದ್ದೇಶದ ಅತಿಥಿಯೊಂದು ಸರದಿಯಲ್ಲಿ ಸುಳ್ಳು ಅಂಕೆಗಳನ್ನು ಬರೆದರೆ, ಅವನ್ನು ಪರೀಕ್ಷಿಸದೆ ನಂಬಿದ ನೆಟ್‌ಬ್ಯಾಕ್ ದೀರ್ಘಕಾಲ ವ್ಯರ್ಥವಾಗಿ ಸುತ್ತುತ್ತಿದ್ದಿತು. ಇದರಿಂದ ಇತರ ಅತಿಥಿಗಳಿಗೂ ಬಾಧೆಯಾಗಬಹುದಾಗಿದ್ದಿತು. ಅಂಥ ಅತಿಥಿಯ ಸಂಪರ್ಕವನ್ನೇ ಕಡಿದುಹಾಕುವುದು ಇದಕ್ಕೆ ಕಂಡುಕೊಂಡ ಪರಿಹಾರ.

ಇದರಿಂದ ನಾವು ತಿಳಿಯತಕ್ಕದ್ದಿಷ್ಟು: ಡ್ರೈವರನ್ನು ಹೊರತಂದುದರಿಂದ ಹೈಪರ್‌ವೈಸರು ಹಗುರವಾಯಿತು, ಆದರೆ ಅಪಾಯ ಅಳಿಯಲಿಲ್ಲ, ಅದರ ಸ್ಥಳ ಬದಲಾಯಿತು. ಹಲವರು ಒಂದನ್ನು ಹಂಚಿಕೊಳ್ಳುವಲ್ಲಿ, ಹಂಚುವವನಿಗೆ ಅಧಿಕಾರದೊಡನೆ ಎಚ್ಚರವೂ ಇರಬೇಕಾಗುತ್ತದೆ.