ಕೆಸರಿನಲ್ಲಿ ಉಳಿದ ಹವಾಮಾನ

ಡೈನೋಸಾರುಗಳ ಕಾಲ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ದೈತ್ಯಾಕಾರದ ಅಸ್ಥಿಪಂಜರ. ಪಠ್ಯಪುಸ್ತಕಗಳಾಗಲಿ ವಸ್ತುಸಂಗ್ರಹಾಲಯಗಳಾಗಲಿ ಎಲುಬಿಗೆ ಕೊಡುವ ಮರ್ಯಾದೆಯನ್ನು ಅದು ಹುದುಗಿದ್ದ ಮಣ್ಣಿಗೆ ಕೊಡುವುದಿಲ್ಲ. ಪ್ರೌಢಶಾಲೆಯಲ್ಲಿ ಬಹುಕಾಲ ಇತಿಹಾಸ, ಭೂಗೋಳಗಳನ್ನು ಬೋಧಿಸಿದ ನನಗೆ ಇದೊಂದು ಹಳೆಯ ಕೊರಗು. ಎಲುಬು ಪ್ರಾಣಿಯ ಗಾತ್ರವನ್ನು ತಿಳಿಸೀತು. ಅಂದು ಮಳೆ ಹೇಗಿತ್ತು, ಬೇಸಿಗೆ ಎಷ್ಟು ಕಠಿಣವಾಗಿತ್ತು ಎಂಬುದನ್ನು ಹೇಳಬೇಕಾದದ್ದು ಕೆಸರೇ.

ಟ್ರಯಾಸಿಕ್, ಜುರಾಸಿಕ್, ಕ್ರಿಟೇಷಿಯಸ್ ಎಂಬ ಮೂರು ಕಾಲಗಳು ಸೇರಿದರೆ ಸುಮಾರು 25.2 ಕೋಟಿ ವರ್ಷಗಳ ಹಿಂದಿನಿಂದ 6.6 ಕೋಟಿ ವರ್ಷಗಳ ಹಿಂದಿನವರೆಗಿನ ಅವಧಿ. ಒಟ್ಟಾರೆ ಅದು ಇಂದಿಗಿಂತ ಬೆಚ್ಚಗಿನ ಯುಗವೆನ್ನುವುದು ನಿಜ. ಆದರೆ ಹದಿನೆಂಟು ಕೋಟಿಗೂ ಮಿಕ್ಕ ವರ್ಷಗಳನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ಚರಿತ್ರೆಗೆ ಉಳಿಯುವುದೇನು?

ಈ ಚರಿತ್ರೆಯನ್ನು ಓದಲು ದೂರದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮ ನೆರೆಯ ತೆಲಂಗಾಣ, ಮಹಾರಾಷ್ಟ್ರಗಳಲ್ಲಿ ಚಾಚಿಕೊಂಡಿರುವ ಪ್ರಾಣಹಿತಾ-ಗೋದಾವರಿ ಕಣಿವೆ ಭೂಮಿ ಬಿರಿದು ಕುಸಿದು ಆದ ಉದ್ದನೆಯ ತಗ್ಗು. ತಳ ಇಳಿಯುತ್ತ ಹೋದಂತೆ ನದಿಗಳು ಮರಳನ್ನೂ ಕೆಸರನ್ನೂ ತಂದು ತುಂಬಿದವು. ಹೀಗಾಗಿ ಕಚೇರಿಯ ಕಡತಗಳಂತೆ ಒಂದರ ಮೇಲೊಂದು ಪದರ ಉಳಿದುಕೊಂಡಿತು. ಅಡಿಯಲ್ಲಿ ಹಿಮದ ಕಾಲದ ಬಂಡೆಗಳು. ಅವುಗಳ ಮೇಲೆ ಸಿಂಗರೇಣಿಯ ಕಲ್ಲಿದ್ದಲು. ಇವೆರಡೂ ಡೈನೋಸಾರುಗಳಿಗಿಂತ ಹಳೆಯವು. ಮೇಲೆ ಬಂದಂತೆ ಕಪ್ಪು ಮಾಯವಾಗಿ ಕೆಂಪು ಕಾಣಿಸುತ್ತದೆ.

ಮಲೇರಿ ಎಂಬ ಹಳ್ಳಿಯ ಹೆಸರು ಹೊತ್ತಿರುವ ಟ್ರಯಾಸಿಕ್ ಕಾಲದ ಆ ಕೆಂಪು ಜೇಡಿಯೇ ನನ್ನ ಮಟ್ಟಿಗೆ ಇಡೀ ಕಣಿವೆಯ ಅತ್ಯಂತ ಸ್ವಾರಸ್ಯಕರ ಪುಟ. ಮಣ್ಣಿನಲ್ಲಿರುವ ಕಬ್ಬಿಣ ಗಾಳಿಗೆ ಒಡ್ಡಿಕೊಂಡಾಗ ತುಕ್ಕಿನ ಬಣ್ಣ ಪಡೆಯುತ್ತದೆ. ಹಾಗೆಂದು ಕೆಂಪು ಕಂಡಲ್ಲೆಲ್ಲ ಮರುಭೂಮಿ ಇತ್ತೆನ್ನಲಾಗದು. ಮಳೆ ಸುರಿಯುವ ನಮ್ಮ ಮಲೆನಾಡಿನ ಮಣ್ಣೂ ಕೆಂಪೇ ಅಲ್ಲವೇ! ಆದ್ದರಿಂದ ಎರಡನೆಯ ಸಾಕ್ಷಿ ಬೇಕು. ಅದು ಆ ಜೇಡಿಯೊಳಗಿನ ಸುಣ್ಣದ ಹರಳುಗಳು. ವಿಜಯಪುರದ ಕಡೆಯ ಎರೆಹೊಲಗಳಲ್ಲಿ ನೇಗಿಲಿಗೆ ಸಿಕ್ಕುವ ಬಿಳಿಯ ಹರಳುಗಳನ್ನು ಬಲ್ಲವರಿಗೆ ವಿವರಣೆ ಬೇಡ. ಮಳೆನೀರಿನಲ್ಲಿ ಕರಗಿ ಕೆಳಗಿಳಿದ ಸುಣ್ಣ, ಒಣಗಾಲ ಬಂದಾಗ ಕೊಚ್ಚಿಹೋಗದೆ ಮಣ್ಣಿನಲ್ಲೇ ಗಂಟುಕಟ್ಟುತ್ತದೆ. ವರ್ಷವಿಡೀ ಮಳೆಯಾಗುವ ಕಡೆ ಇದು ಸಾಧ್ಯವಿಲ್ಲ. ಇನ್ನು ಅದೇ ಪದರಗಳಲ್ಲಿ ಶ್ವಾಸಕೋಶವುಳ್ಳ ಮೀನಿನ ಹಲ್ಲುಗಳೂ ಸಿಹಿನೀರಿನ ಚಿಪ್ಪುಗಳೂ ದೊರೆತಿವೆ. ಅಂದರೆ ನದಿ, ಮಡುಗಳು ಇದ್ದವು. ಮೂರನ್ನೂ ಒಟ್ಟಿಗಿಟ್ಟು ಓದಿದರೆ ಮಳೆಗಾಲ, ಬೇಸಿಗೆಗಳು ಒಂದನ್ನೊಂದು ಹಿಂಬಾಲಿಸುತ್ತಿದ್ದ ನಾಡೊಂದು ಮೂಡಿ ನಿಲ್ಲುತ್ತದೆ.

ಅದರ ಮೇಲಿನ ಜುರಾಸಿಕ್ ಕಾಲದ ಕೋಟಾ ಪದರಗಳಲ್ಲಿ ಮರಳುಗಲ್ಲಿನ ಜೊತೆಗೆ ಸುಣ್ಣಕಲ್ಲು ಬರುತ್ತದೆ. ಅದರಲ್ಲಿ ಮೀನುಗಳ ಅಚ್ಚುಗಳಿವೆ. ನದಿಗಳ ನಡುವೆ ನಿಶ್ಚಲವಾದ ಕೆರೆಗಳು ನಿಂತಿದ್ದ ಕಾಲವಿದು. ಬರಪಾಸಾರಸ್ ಟಾಗೋರಿ ಎಂಬ ಭಾರೀ ಸಸ್ಯಾಹಾರಿ ಸಿಕ್ಕಿದ್ದು ಇಲ್ಲೇ. 1975ರಲ್ಲಿ ಹೆಸರಿಸಿದ ಈ ಪ್ರಾಣಿಯ ಅಸ್ಥಿಪಂಜರ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದೆ. ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ನೆನಪು ಅದರ ಹೆಸರಿನಲ್ಲಿ ಉಳಿದಿದೆ. ಹಲವು ಪ್ರಾಣಿಗಳ ಎಲುಬುಗಳು ಅಲ್ಲಿ ಒಟ್ಟಾಗಿ ಸಿಕ್ಕಿದ್ದರಿಂದ ಅವು ಪ್ರವಾಹಕ್ಕೆ ಸಿಕ್ಕಿದ ಹಿಂಡು ಎಂದು ಅಧ್ಯಯನ ಮಾಡಿದವರು ಊಹಿಸಿದ್ದಾರೆ.

ಮುಂದಿನ ಅಧ್ಯಾಯಕ್ಕೆ, ಅಂದರೆ ಕ್ರಿಟೇಷಿಯಸ್ ಕಾಲದ ಕೊನೆಗೆ, ನಾವು ಉತ್ತರಕ್ಕೆ ನರ್ಮದೆಯ ದಂಡೆಗೆ ಹೋಗಬೇಕು. ಠಗ್ಗರನ್ನು ಅಡಗಿಸಿದವನೆಂದು ಇತಿಹಾಸದ ಪಾಠದಲ್ಲಿ ಬರುವ ವಿಲಿಯಂ ಸ್ಲೀಮನ್, 1828ರಲ್ಲಿ ಜಬಲ್ಪುರದ ಬಳಿ ಕಲ್ಲಾದ ಎಲುಬುಗಳನ್ನು ಕಂಡುಹಿಡಿದ. 1877ರಲ್ಲಿ ರಿಚರ್ಡ್ ಲಿಡೆಕ್ಕರ್ ಜಬಲ್ಪುರದ ಎಲುಬುಗಳ ಆಧಾರದಿಂದ ಟೈಟಾನೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟ. ಆಮೇಲೆ ಆ ಬಾಲದ ಎಲುಬು ಎಲ್ಲಿಯೋ ಕಳೆದುಹೋಗಿ, 2012ರಲ್ಲಿ ಕೋಲ್ಕತ್ತದ ಸಂಗ್ರಹದಲ್ಲಿಯೇ ಮತ್ತೆ ಪತ್ತೆಯಾಯಿತು! ಎಲುಬು ಕಪಾಟಿನಲ್ಲಿ ಕಾಣೆಯಾಗಿದ್ದಾಗಲೂ ಅದು ಹುದುಗಿದ್ದ ಲಮೇಟಾ ಪದರಗಳು ಮಾತ್ರ ಗುಡ್ಡಗಳಲ್ಲಿ ಎಲ್ಲರ ಕಣ್ಣಿಗೂ ಬಿದ್ದಿದ್ದವು. ಅವುಗಳಲ್ಲಿ ಮತ್ತೆ ಅದೇ ಸುಣ್ಣ. ಈ ಸಲ ಹರಳುಗಳಷ್ಟೇ ಅಲ್ಲ, ಮಣ್ಣೇ ಗಟ್ಟಿಯಾಗಿ ಸುಣ್ಣದ ಹಾಸಾಗಿಬಿಟ್ಟಿದೆ. ಮಳೆ ಕಡಿಮೆಯಿದ್ದು ಒಣಗಾಲ ದೀರ್ಘವಾಗಿದ್ದ ಅರೆಶುಷ್ಕ ನಾಡಿನ ಗುರುತು ಇದು. ಡೈನೋಸಾರುಗಳು ಮೊಟ್ಟೆಯಿಡಲು ಆರಿಸಿಕೊಂಡದ್ದೂ ಈ ನೆಲವನ್ನೇ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡುಗಳನ್ನೂ 256 ಮೊಟ್ಟೆಗಳನ್ನೂ ಗುರುತಿಸಿದ ವರದಿ 2023ರಲ್ಲಿ ಪ್ರಕಟವಾಯಿತು.

ಲಮೇಟಾದ ಮೇಲೆ ಕುಳಿತಿರುವುದು ದಖ್ಖನ್ನಿನ ಕಪ್ಪು ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಹರಿದ ಲಾವಾ ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿದೆ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿಗಳೂ ಅದರಲ್ಲಿ ಸೇರಿವೆ. ಡೈನೋಸಾರುಗಳ ಅಳಿವಿಗೆ ಮೆಕ್ಸಿಕೋದ ಬಳಿ ಬಿದ್ದ ಕ್ಷುದ್ರಗ್ರಹವೇ ಮುಖ್ಯ ಕಾರಣವೆಂದು ಹೆಚ್ಚಿನವರು ಒಪ್ಪುತ್ತಾರೆ. ಈ ಲಾವಾ ಉಗುಳಿದ ಅನಿಲಗಳ ಪಾಲೆಷ್ಟು ಎಂಬ ವಾದ ನಿಂತಿಲ್ಲ. ಆದರೆ ಲಾವಾ ಒಂದೇ ದಿನದಲ್ಲಿ ಹರಿದು ಮುಗಿದದ್ದಲ್ಲ. ಒಂದು ಹರಿವು ಆರಿ, ಇನ್ನೊಂದು ಬರುವ ಮೊದಲು ತಗ್ಗುಗಳಲ್ಲಿ ನೀರು ನಿಂತು ಕೆಸರು ಕೂಡಿತು. ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿ ಅಂಥ ಪದರಗಳಿವೆ. ಕಪ್ಪು ಕಲ್ಲಿನ ಎರಡು ಹಾಸುಗಳ ನಡುವಿನ ಆ ತೆಳುವಾದ ಕೆಸರಿನಲ್ಲಿ ಮೀನುಗಳ ಅವಶೇಷಗಳೂ ಕಣ್ಣಿಗೆ ಕಾಣದಷ್ಟು ಸಣ್ಣ ಸಿಹಿನೀರಿನ ಜೀವಿಗಳ ಚಿಪ್ಪುಗಳೂ ದೊರೆತಿವೆ.