ತೃಣಮಣಿಯಿಂದ ಸಿಡಿಲಿನವರೆಗೆ: ವಿದ್ಯುದಾವೇಶದ ಕಥೆ



ದ್ವಿತೀಯ ಪಿಯುಸಿ ಭೌತಶಾಸ್ತ್ರದ ಪುಸ್ತಕ ತೆರೆದರೆ ಮೊದಲ ಅಧ್ಯಾಯವೇ ವಿದ್ಯುದಾವೇಶ ಮತ್ತು ವಿದ್ಯುತ್ ಕ್ಷೇತ್ರ. ಕೂಲಂಬನ ನಿಯಮ, ಬಲರೇಖೆಗಳು, ಗೌಸನ ನಿಯಮ ಒಂದರ ಹಿಂದೆ ಒಂದು ಬರುತ್ತವೆ. ಅವನ್ನು ಬಾಯಿಪಾಠ ಮಾಡಿ ಅಂಕ ಗಳಿಸುವವರು ಬಹಳ ಮಂದಿ ಇದ್ದಾರೆ. ಆದರೆ ಕುಂಬಾರವಾಡ, ಜೋಯಿಡಾ, ಅಣಶಿ ಕಡೆಯವರಿಗೆ ಈ ಅಧ್ಯಾಯ ಪರೀಕ್ಷೆಯೊಂದಿಗೆ ಮುಗಿಯುವುದಿಲ್ಲ. ಭರಣಿ, ಕೃತ್ತಿಕೆ ಮಳೆಯ ಕಾಲದಲ್ಲಿ ಮಧ್ಯಾಹ್ನ ದಾಟುತ್ತಲೇ ಘಟ್ಟದ ಮೇಲೆ ಮೋಡ ಕಟ್ಟಿ ಗುಡುಗಲು ಶುರುವಾದರೆ, ಆ ಅಧ್ಯಾಯ ನಡೆಯುತ್ತಿರುವುದು ನಿಮ್ಮ ತಲೆಯ ಮೇಲೆಯೇ. ಆದ್ದರಿಂದ ಆ ಸೂತ್ರಗಳು ಹೇಗೆ ಬಂದವೆಂಬ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಮೊದಲು ಹೆಸರುಗಳ ವಿಷಯ. ಅಂಬರ್ ಎಂಬುದು ಪುರಾತನ ಕಾಲದ ಮರದ ಅಂಟು ಗಟ್ಟಿಯಾಗಿ ಆದ ಹಳದಿ ಮಣಿ. ತಸ್ಬೀಹ್ ಮಣಿಗಳಿಗೂ ಅದನ್ನು ಬಳಸುತ್ತಾರೆ. ಬಟ್ಟೆಗೆ ಉಜ್ಜಿ ಹಿಡಿದರೆ ಅದು ಹುಲ್ಲೆಳೆಯನ್ನು ಎಳೆದುಕೊಳ್ಳುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ತೃಣಮಣಿ ಎಂಬ ಹೆಸರಿದೆ. ಫಾರಸಿಯಲ್ಲಿ ಕಹ್ರುಬಾ, ಕಾಹ್ ಎಂದರೆ ಒಣಹುಲ್ಲು, ರುಬಾ ಎಂದರೆ ಸೆಳೆದೊಯ್ಯುವುದು. ಎರಡು ಭಾಷೆಗಳೂ ಒಂದೇ ಗುಣವನ್ನು ನೋಡಿ ಹೆಸರಿಟ್ಟಿವೆ. ಗ್ರೀಕರು ಅದನ್ನು ಎಲೆಕ್ಟ್ರಾನ್ ಎಂದರು. ಆ ಗ್ರೀಕ್ ಶಬ್ದದಿಂದ ಇಂಗ್ಲಿಷಿನ ಎಲೆಕ್ಟ್ರಿಸಿಟಿ ಬಂತು, ಫಾರಸಿ ಶಬ್ದದಿಂದ ಇಂದಿನ ಅರಬ್ಬಿಯ ಕಹ್ರಬಾ, ಅಂದರೆ ಕರೆಂಟು, ಬಂತು. ಆದರೆ ಕನ್ನಡದ ವಿದ್ಯುತ್, ಉರ್ದುವಿನ ಬಿಜಲಿ ಎರಡರ ಮೂಲ ಅರ್ಥ ಮಿಂಚು. ಅರ್ಧ ಜಗತ್ತು ಹುಲ್ಲೆಳೆಯ ಮಣಿಯಿಂದ ಹೆಸರು ತೆಗೆದುಕೊಂಡಿತು, ನಾವು ಆಕಾಶದಿಂದ ತೆಗೆದುಕೊಂಡೆವು. ಈ ಎರಡೂ ಒಂದೇ ವಸ್ತು ಎಂದು ತೋರಿಸಲು ಮನುಷ್ಯನಿಗೆ 1752ರವರೆಗೆ ಬೇಕಾಯಿತು.

1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಅಯಸ್ಕಾಂತದ ಮೇಲೆ ಬರೆದ ಗ್ರಂಥದಲ್ಲಿ ಅಂಬರಿನ ಸೆಳೆತ ಬೇರೆ, ಅಯಸ್ಕಾಂತದ ಸೆಳೆತ ಬೇರೆ ಎಂದು ಸ್ಪಷ್ಟಪಡಿಸಿದ. ಗಾಜು, ಗಂಧಕ, ಹಲವು ಹರಳುಗಳು ಕೂಡ ಉಜ್ಜಿದರೆ ಸೆಳೆಯುತ್ತವೆಂದು ಪಟ್ಟಿ ಮಾಡಿದ. ಅದರ ನಂತರ ನೂರು ವರ್ಷಕ್ಕೂ ಮಿಕ್ಕಿ ದೊಡ್ಡ ಹೆಜ್ಜೆಯೇನೂ ಬೀಳಲಿಲ್ಲ.

ಮುಂದಿನ ಹೆಜ್ಜೆ ಇಟ್ಟವನು ಸ್ಟೀಫನ್ ಗ್ರೇ. ಪಠ್ಯಪುಸ್ತಕಗಳು ಈತನ ಹೆಸರನ್ನು ಹೇಳುವುದೇ ಅಪರೂಪ. ನನ್ನ ಮಟ್ಟಿಗೆ ಇದು ಅನ್ಯಾಯ. ಆತ ಬಟ್ಟೆಗೆ ಬಣ್ಣ ಹಾಕುವ ಕಸುಬಿನವನು. 1729ರಲ್ಲಿ ಒಂದು ಗಾಜಿನ ಕೊಳವೆಗೆ ಬೂದಿ, ಧೂಳು ಹೋಗದಂತೆ ಬಿರಡೆ ಹಾಕಿ ಉಜ್ಜಿದಾಗ, ಗರಿ ಗಾಜಿನ ಕಡೆಗಷ್ಟೇ ಅಲ್ಲ, ಬಿರಡೆಯ ಕಡೆಗೂ ಹೋಯಿತು. ಬಿರಡೆಯನ್ನು ಯಾರೂ ಉಜ್ಜಿರಲಿಲ್ಲ! ಹಾಗಾದರೆ ಈ ಗುಣ ಒಂದರಿಂದ ಇನ್ನೊಂದಕ್ಕೆ ಹರಿದುಹೋಗುತ್ತದೆ. ಆತ ಬಿರಡೆಗೆ ಕಡ್ಡಿ ಚುಚ್ಚಿದ, ಆಮೇಲೆ ಸೆಣಬಿನ ದಾರ ಕಟ್ಟಿದ. ಗೆಳೆಯ ವೀಲರನ ಮನೆಯಲ್ಲಿ ದಾರವನ್ನು ಅಡ್ಡಲಾಗಿ ಎಳೆದು, ಅದು ನೆಲಕ್ಕೆ ತಾಗದಂತೆ ರೇಷ್ಮೆ ಎಳೆಗಳ ಮೇಲೆ ತೂಗುಹಾಕಿದರು. ಎಂಬತ್ತು ಅಡಿ ದೂರದ ತುದಿಯೂ ಗರಿಯನ್ನು ಸೆಳೆಯಿತು. ಹೆಚ್ಚು ಉದ್ದ ಮಾಡಿದಾಗ ಭಾರಕ್ಕೆ ರೇಷ್ಮೆ ಹರಿಯಿತು. ಅಷ್ಟೇ ತೆಳ್ಳಗಿನ, ಆದರೆ ಗಟ್ಟಿಯಾದ ಹಿತ್ತಾಳೆ ತಂತಿಯಿಂದ ತೂಗುಹಾಕಿದರು. ದಾರದ ತುದಿಯಲ್ಲಿ ಏನೂ ಆಗಲಿಲ್ಲ. ಮತ್ತೆ ರೇಷ್ಮೆ ಹಾಕಿದಾಗ ಸೆಳೆತ ಮರಳಿತು. ಎಳೆ ತೆಳುವೋ ದಪ್ಪವೋ ಎಂಬುದು ಮುಖ್ಯವಲ್ಲ, ಯಾವ ವಸ್ತುವಿನದು ಎಂಬುದೇ ಮುಖ್ಯ. ವಾಹಕ, ಅವಾಹಕ ಎಂಬ ಭೇದ ಹೀಗೆ ಒಂದು ಎಳೆ ಹರಿದದ್ದರಿಂದ ತಿಳಿಯಿತು. ಕೈಗಾದಿಂದ ಧಾರವಾಡದ ನರೇಂದ್ರದ ಕಡೆಗೆ ಹೊರಟ 400 ಕಿಲೊವೋಲ್ಟ್ ಲೈನಿನ ಗೋಪುರವನ್ನು ಕಂಡಾಗ, ತಂತಿಗೂ ಕಬ್ಬಿಣಕ್ಕೂ ನಡುವೆ ಬಿಲ್ಲೆ ಬಿಲ್ಲೆಯಾಗಿ ತೂಗುವ ಇನ್ಸುಲೇಟರುಗಳನ್ನು ಗಮನಿಸಿ. ಗ್ರೇಯ ರೇಷ್ಮೆ ಎಳೆ ಮಾಡಿದ ಕೆಲಸವನ್ನೇ ಅವು ಮಾಡುತ್ತಿವೆ. ಗ್ರೇ ಕಡೆಗಾಲವನ್ನು ಲಂಡನ್ನಿನ ಒಂದು ಧರ್ಮಸಂಸ್ಥೆಯ ಆಶ್ರಯದಲ್ಲಿ ಕಳೆದು 1736ರಲ್ಲಿ ತೀರಿಕೊಂಡ.

1733ರಲ್ಲಿ ಫ್ರಾನ್ಸಿನ ಡು ಫೇ ಎಂಬಾತ ಆವೇಶ ಎರಡು ಬಗೆಯದು, ಒಂದೇ ಬಗೆಯವು ವಿಕರ್ಷಿಸುತ್ತವೆ, ಬೇರೆ ಬೇರೆಯವು ಆಕರ್ಷಿಸುತ್ತವೆ ಎಂದು ಕಂಡುಕೊಂಡ. ಅವಕ್ಕೆ ಧನ, ಋಣ ಎಂಬ ಲೆಕ್ಕದ ಹೆಸರು ಕೊಟ್ಟವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಉಜ್ಜುವುದರಿಂದ ಆವೇಶ ಹುಟ್ಟುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಸಾಗುತ್ತದೆ. ಒಂದು ಕಡೆ ಎಷ್ಟು ಹೆಚ್ಚಿತೋ ಇನ್ನೊಂದು ಕಡೆ ಅಷ್ಟೇ ಕಡಿಮೆ ಎಂಬುದು ಅವನ ವಾದ. ಪುಸ್ತಕದಲ್ಲಿ ಆವೇಶದ ಸಂರಕ್ಷಣೆ ಎಂದು ಓದುವುದು ಇದನ್ನೇ. (ನಮ್ಮ ಹಳ್ಳಿಗಳಲ್ಲಿ ಮೈಮೇಲೆ ಬರುವುದಕ್ಕೂ ಆವೇಶ ಎನ್ನುತ್ತಾರೆ. ಈ ಪಾರಿಭಾಷಿಕ ಪದ ಆರಿಸಿದವರಿಗೆ ಆ ಅರ್ಥವೂ ಮನಸ್ಸಿನಲ್ಲಿತ್ತೋ ಏನೋ.)

ಸಿಡಿಲು ಕೂಡ ಇದೇ ಆವೇಶದ ಹರಿವು ಎಂದು ಫ್ರಾಂಕ್ಲಿನ್ ಊಹಿಸಿ, ಎತ್ತರದಲ್ಲಿ ಚೂಪಾದ ಕಬ್ಬಿಣದ ಸಲಾಕೆ ನಿಲ್ಲಿಸಿ ಪರೀಕ್ಷಿಸಬಹುದೆಂದು ಬರೆದ. 1752ರ ಮೇ 10ರಂದು ಫ್ರಾನ್ಸಿನ ಮಾರ್ಲಿ ಎಂಬ ಊರಿನಲ್ಲಿ ಡಾಲಿಬಾರ್ಡ್ ಏರ್ಪಡಿಸಿದ ಸಲಾಕೆಯಿಂದ, ಮೋಡ ಗುಡುಗುತ್ತಿದ್ದಾಗ ಕಿಡಿ ಹಾರಿತು. ಮಣಿಯೂ ಮಿಂಚೂ ಒಂದೇ ಎಂಬುದು ಖಚಿತವಾಯಿತು. ಮರುವರ್ಷ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇಂಥದೇ ಪ್ರಯೋಗ ಮಾಡುತ್ತಿದ್ದ ರಿಚ್‌ಮನ್ ಎಂಬ ವಿಜ್ಞಾನಿ ಸಿಡಿಲು ಬಡಿದು ಸತ್ತ. ಅವನ ಸಲಾಕೆಗೆ ನೆಲದ ಸಂಪರ್ಕ ಇರಲಿಲ್ಲ.

ಬಲವನ್ನು ಅಳೆದದ್ದು 1785ರಲ್ಲಿ. ಚಾರ್ಲ್ಸ್ ಕೂಲಂಬ್ ಸೈನ್ಯದ ಎಂಜಿನಿಯರ್. ಕೆರಿಬಿಯನ್ ದ್ವೀಪವೊಂದರಲ್ಲಿ ವರ್ಷಗಟ್ಟಲೆ ಕೋಟೆ ಕಟ್ಟಿಸಿದವನು. ತೆಳ್ಳಗಿನ ಬೆಳ್ಳಿ ತಂತಿಯನ್ನು ತಿರುಚಲು ಎಷ್ಟು ಬಲ ಬೇಕೆಂಬುದನ್ನು ಮೊದಲೇ ಅಭ್ಯಾಸ ಮಾಡಿದ್ದ. ಅಂಥ ತಂತಿಗೆ ಅಡ್ಡಕಡ್ಡಿ ತೂಗುಹಾಕಿ, ತುದಿಯಲ್ಲಿ ಬೆಂಡಿನ ಗುಂಡು ಇಟ್ಟು, ಅದೇ ಆವೇಶದ ಇನ್ನೊಂದು ಗುಂಡನ್ನು ಹತ್ತಿರ ತಂದ. ಗುಂಡುಗಳ ನಡುವೆ 36 ಡಿಗ್ರಿ ಅಂತರವಿದ್ದಾಗ ತಿರುಚು 36 ಡಿಗ್ರಿ. ಅಂತರವನ್ನು 18ಕ್ಕೆ ಇಳಿಸಲು 144 ಬೇಕಾಯಿತು. ಎಂಟೂವರೆಗೆ ಇಳಿಸಲು 575 ಡಿಗ್ರಿಗೂ ಹೆಚ್ಚು. ನೀವೇ ಲೆಕ್ಕ ಹಾಕಿ: ದೂರ ಅರ್ಧವಾದರೆ ಬಲ ನಾಲ್ಕು ಪಟ್ಟು, ಮತ್ತೆ ಹೆಚ್ಚುಕಡಿಮೆ ಅರ್ಧವಾದರೆ ಹದಿನಾರು ಪಟ್ಟು. ವಿಲೋಮ ವರ್ಗ ನಿಯಮ ಈ ಮೂರು ಅಂಕಿಗಳಲ್ಲಿ ಇದೆ. ಅವನ ಹೆಸರಿನ ಮಾನ ಎಷ್ಟು ದೊಡ್ಡದೆಂದರೆ, ಒಂದೊಂದು ಕೂಲಂಬ್ ಆವೇಶಗಳನ್ನು ಒಂದು ಮೀಟರ್ ದೂರದಲ್ಲಿ ಇಡಲು ಸಾಧ್ಯವಾದರೆ ನಡುವಿನ ಬಲ ಸುಮಾರು 9 ಲಕ್ಷ ಟನ್ ಭಾರಕ್ಕೆ ಸಮ. ಒಂದು ಸಿಡಿಲಿನ ಹೊಡೆತದಲ್ಲಿ ನೆಲಕ್ಕಿಳಿಯುವುದು ಇಂಥ ಕೆಲವು ಕೂಲಂಬ್‌ಗಳು ಮಾತ್ರ.

ಮುಟ್ಟದೆ ದೂರದಿಂದಲೇ ಬಲ ಹೇಗೆ ತಲುಪುತ್ತದೆ? ಇದಕ್ಕೆ ದಾರಿ ತೋರಿದವನು ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತ ಮೈಕೆಲ್ ಫ್ಯಾರಡೆ. ಗಣಿತ ಅವನಿಗೆ ಬರುತ್ತಿರಲಿಲ್ಲ. ಆವೇಶದ ಸುತ್ತಲಿನ ಬರಿದು ಜಾಗವೂ ಬರಿದಲ್ಲ, ಅದರಲ್ಲಿ ಬಲರೇಖೆಗಳು ಹಬ್ಬಿವೆ ಎಂದು ಚಿತ್ರ ಬರೆದು ಯೋಚಿಸಿದ. ಆ ಚಿತ್ರವನ್ನು ಮುಂದೆ ಮ್ಯಾಕ್ಸ್‌ವೆಲ್ ಸಮೀಕರಣವಾಗಿಸಿದ. ವಿದ್ಯುತ್ ಕ್ಷೇತ್ರ ಎಂದರೆ ಇದೇ. 1836ರಲ್ಲಿ ಫ್ಯಾರಡೆ ಹನ್ನೆರಡು ಅಡಿಯ ಪೆಟ್ಟಿಗೆಯಂಥ ಕೋಣೆ ಕಟ್ಟಿಸಿ, ಹೊರಮೈಗೆ ಲೋಹ ಹೊದಿಸಿ, ಹೊರಗಿನಿಂದ ಕಿಡಿ ಹಾರುವಷ್ಟು ಆವೇಶ ಕೊಡಿಸಿ ತಾನು ಒಳಗೆ ಕುಳಿತ. ಒಳಗೆ ಅವನ ಸೂಕ್ಷ್ಮ ಉಪಕರಣಗಳಿಗೆ ಏನೂ ಗೊತ್ತಾಗಲಿಲ್ಲ. ಆವೇಶವೆಲ್ಲ ಹೊರಮೈಯಲ್ಲೇ ಉಳಿಯುತ್ತದೆ.

ಈಗ ನಮ್ಮ ಮೇ ತಿಂಗಳ ಮೋಡಕ್ಕೆ ಬನ್ನಿ. ಮೋಡದೊಳಗೆ ಮಂಜಿನ ಹರಳುಗಳು ಆಲಿಕಲ್ಲಿನಂಥ ತುಣುಕುಗಳಿಗೆ ಉಜ್ಜಿಕೊಂಡು ಆವೇಶ ಬೇರ್ಪಡುತ್ತದೆ. ಕೆಳಭಾಗ ಹೆಚ್ಚಾಗಿ ಋಣ, ಅದರಿಂದ ಕೆಳಗಿನ ನೆಲ ಧನ. ಕ್ಷೇತ್ರ ತೀವ್ರವಾಗುವುದು ಎತ್ತರದ, ಚೂಪಾದ ವಸ್ತುಗಳ ತುದಿಯಲ್ಲಿ: ಒಂಟಿ ಮರ, ಬಯಲಿನಲ್ಲಿ ನಿಂತ ಮನುಷ್ಯ. ಮಳೆಗೆ ಮರದ ಕೆಳಗೆ ಓಡುವುದು ಯಾಕೆ ತಪ್ಪೆಂದು ಇದರಿಂದ ತಿಳಿಯುತ್ತದೆ. ಜೋಯಿಡಾದಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಇದ್ದರೆ ಇಳಿಯಬೇಡಿ; ಲೋಹದ ಮೈಯ ಬಸ್ಸು ಫ್ಯಾರಡೆಯ ಕೋಣೆಯೇ. ಅದು ಸಿಗದಿದ್ದರೆ ಪಕ್ಕಾ ಮನೆಯ ಒಳಗೆ ಸೇರಿ. ದನಗಳನ್ನು ಮರದ ಬುಡಕ್ಕೆ ಕಟ್ಟಬೇಡಿರೆಂದು ಮನೆಯ ಹಿರಿಯರಿಗೂ ತಿಳಿಸಿ. ಸಿಡಿಲು ಮರಕ್ಕೆ ಬಡಿದು ನೆಲದಲ್ಲಿ ಹರಡುವಾಗ ಮುಂಗಾಲಿಗೂ ಹಿಂಗಾಲಿಗೂ ನಡುವೆ ಸಾವಿರಾರು ವೋಲ್ಟಿನ ವ್ಯತ್ಯಾಸವಾಗಿ, ಕರೆಂಟು ಎದೆಯ ಮೂಲಕ ಹಾಯುತ್ತದೆ. ಮನುಷ್ಯನಿಗಿಂತ ದನದ ಕಾಲುಗಳ ಅಂತರ ಹೆಚ್ಚು, ಹಾಗಾಗಿ ಅಪಾಯವೂ ಹೆಚ್ಚು. ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಹೊರಗೆ ಬರಬೇಡಿ. ಮಳೆ ನಿಂತ ಜಾಗಕ್ಕೂ, ಹತ್ತು ಕಿಲೋಮೀಟರ್ ದೂರ ಸರಿದ ಮೋಡದಿಂದ ಸಿಡಿಲು ಬರಬಲ್ಲದು.