ಬಾಣಂತಿಗೆ ಹತ್ತು ಪ್ರಶ್ನೆ

ನಮ್ಮ ಬಾಣಂತಿ ತೆಲುಗಿನಲ್ಲಿ ಬಾಲಿಂತ. ಹೆಸರು ಎರಡಾದರೂ ಕೇಳುವ ಮಾತು ಒಂದೇ: ಹಾಲು ಬಂತೇ, ಕೂಸು ಮಲಗಿತೇ? ಅವಳ ಮನಸ್ಸಿನ ಸುದ್ದಿ ಕೇಳುವವರು ಕಡಿಮೆ.

1858ರಲ್ಲೇ ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ ಬಸುರಿ, ಬಾಣಂತಿಯರ ಮನೋರೋಗ ಕುರಿತು ಗ್ರಂಥ ಬರೆದರು. 1987ರಲ್ಲಿ ಜಾನ್ ಕಾಕ್ಸ್ ಮತ್ತು ಸಂಗಡಿಗರು ಎಡಿನ್‌ಬರೋ ಮಾಪಕ ಪ್ರಕಟಿಸಿದರು. ಕಳೆದ 7 ದಿನಗಳ ಬಗ್ಗೆ 10 ಪ್ರಶ್ನೆ, ಒಟ್ಟು 30 ಅಂಕ. ಆಯಾಸ ಎಲ್ಲ ಬಾಣಂತಿಯರಿಗೂ ಇದ್ದದ್ದೇ. ಆದ್ದರಿಂದ ಅದು ನಗು, ಭಯ, ಅಳುವಿನ ಬಗ್ಗೆ ಕೇಳುತ್ತದೆ. ಕೊನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ. ಅಂಕ ಹೆಚ್ಚಾದರೆ ರೋಗ ನಿಶ್ಚಯವೆಂದಲ್ಲ, ವೈದ್ಯರಿಗೆ ತೋರಿಸಬೇಕೆಂದು ಅರ್ಥ.

2009ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ತಾಯಿ ಮಗುವನ್ನು ಅಗಲಿಸದೆ ಚಿಕಿತ್ಸೆ ಕೊಡುವ ವಿಭಾಗ ತೆರೆಯಿತು. ಮಾಪಕದ ಕನ್ನಡ ರೂಪವನ್ನು ಹಳ್ಳಿಯ ಗರ್ಭಿಣಿಯರಲ್ಲಿ ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು.

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬಿಟ್ಟು ಆಂಧ್ರಕ್ಕೆ ಸೇರಿದವು. ಗಡಿ ಸರಿಯಿತು, ಬೀಗತನ ಉಳಿಯಿತು. ಕನ್ನಡದ ಸೊಸೆಯನ್ನು ತೆಲುಗಿನಲ್ಲಿ ಕೇಳಿದರೆ ಮರ್ಯಾದೆಗೆ "ಬಾಗುನ್ನಾನು" ಎಂದುಬಿಟ್ಟಾಳು. ಅಳುವ ಭಾಷೆಯಲ್ಲೇ ಅವಳನ್ನು ಕೇಳಬೇಕು. ಕೊನೆಯ ಪ್ರಶ್ನೆಗೆ ಹೌದೆಂದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.